ಯಾವ ದೇಶ ಅಂತ ತೀರ್ಮಾನಿಸಿದ್ದು ಅಪ್ಪಾಜಿಯ ಒಂದು ಪ್ರಶ್ನೆ

ಹೊರದೇಶದಲ್ಲಿ ಮಾಸ್ಟರ್ಸ್ ಮಾಡಬೇಕು ಅಂತ ನಿರ್ಧಾರ ಮಾಡೋದು ಸುಲಭ. ಯಾವ ದೇಶ ಅನ್ನೋದೇ ಕಷ್ಟ. ನನಗೆ ಅದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ನಾನು ಈಗ ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ ಓದುತ್ತಿದ್ದೇನೆ. ಇಲ್ಲಿಗೆ ಬಂದ ಮೇಲೆ ಊರಿನ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡಿ "ಅಕ್ಕ, ಯಾವ ದೇಶ ಒಳ್ಳೇದು?" ಅಂತ ಕೇಳುತ್ತಾರೆ. ಒಂದೇ ಮಾತಲ್ಲಿ ಉತ್ತರ ಕೊಡೋಕೆ ಆಗೋದಿಲ್ಲ. ಹಾಗಾಗಿ ನಾನು ಹೇಗೆ ಆರಿಸಿಕೊಂಡೆ ಅನ್ನೋದನ್ನ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ನಮ್ಮದು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಅಡಿಕೆ ತೋಟ ಇದೆ, ದೊಡ್ಡದೇನಲ್ಲ. ನಾನು ವಿಟಿಯು ಕಾಲೇಜಿನಲ್ಲಿ ಮೆಕ್ಯಾನಿಕಲ್ ಮುಗಿಸಿದ್ದು 2022ರಲ್ಲಿ. ಆಮೇಲೆ ಬೆಂಗಳೂರಿನ ಪೀಣ್ಯದಲ್ಲಿ ಮಷಿನ್ ಬಿಡಿಭಾಗ ತಯಾರಿಸುವ ಒಂದು ಕಂಪನಿಯ ಕ್ವಾಲಿಟಿ ವಿಭಾಗಕ್ಕೆ ಸೇರಿದೆ. ಸಂಬಳ 30 ಸಾವಿರದ ಆಸುಪಾಸು. ಕೆಲಸ ಇಷ್ಟವಾಗಿತ್ತು. ಆದರೆ ಪ್ರೊಡಕ್ಷನ್ ಪ್ಲಾನಿಂಗ್, ಆಟೊಮೇಷನ್ ಕಡೆ ಹೋಗಬೇಕಾದರೆ ಇನ್ನೂ ಓದಬೇಕು ಅನ್ನೋದು ಎರಡು ವರ್ಷದಲ್ಲಿ ಚೆನ್ನಾಗಿ ಗೊತ್ತಾಯಿತು. 2024ರ ಮಧ್ಯದಲ್ಲಿ ಹುಡುಕಾಟ ಶುರು ಮಾಡಿದೆ.

ಮೊದಲು ಹೋಗಿದ್ದು ದಾವಣಗೆರೆಯ ಒಂದು ಕನ್ಸಲ್ಟೆನ್ಸಿಗೆ. ಅಲ್ಲಿ ನನ್ನ ಅಂಕಪಟ್ಟಿ ತೆಗೆದು ನೋಡುವ ಮೊದಲೇ "ಮೇಡಂ, ಯುಕೆ ಮಾಡಿಬಿಡಿ. ಒಂದೇ ವರ್ಷ, ಅಡ್ಮಿಷನ್ ಗ್ಯಾರಂಟಿ" ಅಂದರು. ಜರ್ಮನಿ ಬಗ್ಗೆ ಕೇಳಿದರೆ "ಭಾಷೆ ಕಷ್ಟ, ಬಿಡಿ" ಅಂತ ಮಾತು ಮುಗಿಸಿದರು. ಇದರ ಹಿಂದಿನ ಕಾರಣ ನಿಧಾನವಾಗಿ ಅರ್ಥವಾಯಿತು. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ಐರ್ಲೆಂಡ್‌ನ ಅನೇಕ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳನ್ನು ಕಳಿಸಿದ ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಆ ಪದ್ಧತಿ ಇಲ್ಲ. ಹಾಗಾಗಿ ಉಚಿತ ಸಲಹೆ ಕೊಡುವ ಕಡೆ ಜರ್ಮನಿಯ ಹೆಸರು ತಾನಾಗಿ ಬರೋದು ಕಡಿಮೆ. ಉಚಿತ ಸಲಹೆ ಕೇಳಿ, ಬೇಡ ಅನ್ನೋದಿಲ್ಲ. ಆದರೆ ಅವರಿಗೆ ದುಡ್ಡು ಯಾರು ಕೊಡುತ್ತಾರೆ ಅಂತಲೂ ನೇರವಾಗಿ ಕೇಳಿ.

ಆಗ ನನ್ನ ಮನಸ್ಸಲ್ಲಿದ್ದದ್ದು ಅಮೆರಿಕ. ಕ್ಲಾಸಿನಲ್ಲಿ ಚೆನ್ನಾಗಿ ಓದುತ್ತಿದ್ದವರೆಲ್ಲ ಹೋಗಿದ್ದು ಅಲ್ಲಿಗೇ. ಎರಡು ವರ್ಷದ ಕೋರ್ಸ್, ಮುಗಿದ ಮೇಲೆ ಒಂದು ವರ್ಷ ಒಪಿಟಿಯಲ್ಲಿ, ಅಂದರೆ ವಿದ್ಯಾರ್ಥಿ ವೀಸಾದಲ್ಲೇ, ಕೆಲಸ. ಇಂಜಿನಿಯರಿಂಗ್ ಥರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಗಣಿತ) ವಿಷಯಗಳಿಗೆ ಅದರ ಮೇಲೆ ಇನ್ನೂ 24 ತಿಂಗಳು ಸಿಗುತ್ತದೆ. ಓದು ಅಂತೂ ಉತ್ತಮ, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೀಸು, ಊಟ, ಬಾಡಿಗೆ, ಇನ್ಶೂರೆನ್ಸ್ ಎಲ್ಲ ಸೇರಿಸಿ ನಾನು ನೋಡಿದ ಸಾಧಾರಣ ಸ್ಟೇಟ್ ಯೂನಿವರ್ಸಿಟಿಗಳಿಗೇ 45 ಲಕ್ಷದ ಹತ್ತಿರ ಬರುತ್ತಿತ್ತು. ಒಪಿಟಿ ಮುಗಿದ ಮೇಲೆ ಎಚ್-1ಬಿ, ಅಂದರೆ ಅಲ್ಲಿ ಕೆಲಸ ಮಾಡಲು ಬೇಕಾದ ವೀಸಾ. ಅದು ವರ್ಷಕ್ಕೆ 85 ಸಾವಿರ ಮಾತ್ರ, ಅದೂ ಆಗ ಬರೀ ಲಾಟರಿ. ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಹೆಸರು ಬರಬೇಕಲ್ವಾ?

ಒಂದು ಭಾನುವಾರ ಊರಿಗೆ ಹೋದಾಗ ಈ ಎಲ್ಲ ದೇಶಗಳ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅಪ್ಪಾಜಿಗೆ ತೋರಿಸಿದೆ. ಅವರು ಯೂನಿವರ್ಸಿಟಿ ಹೆಸರು ಕೇಳಲಿಲ್ಲ, ರ‍್ಯಾಂಕಿಂಗ್ ಕೇಳಲಿಲ್ಲ. ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗಿನವರೆಗೆ ಓದಿ ಒಂದೇ ಮಾತು ಕೇಳಿದರು: "ಅಲ್ಲ ಕಣಮ್ಮ, ಅಲ್ಲಿ ಕೆಲಸ ಸಿಗಲಿಲ್ಲ ಅಂತ ಇಟ್ಕೊ. ವಾಪಸ್ ಬಂದೆ. ಈ ಸಾಲನ ಇಲ್ಲಿ ದುಡಿದು ತೀರಿಸೋಕೆ ಆಗುತ್ತಾ?"

ಅಮ್ಮ "ಹೋಗೋ ಮುಂಚೆನೇ ಯಾಕ್ರೀ ಅಪಶಕುನ ನುಡೀತೀರಿ" ಅಂತ ಬೈದರು. ಆದರೆ ನನಗೆ ಬೇಕಾಗಿದ್ದ ಅಳತೆಗೋಲು ಅದೇ ಆಗಿತ್ತು. ಅಲ್ಲಿಯವರೆಗೆ ನಾನು ಪ್ರತಿ ದೇಶದಲ್ಲೂ ಎಲ್ಲ ಚೆನ್ನಾಗಿ ನಡೆದರೆ ಏನಾಗುತ್ತೆ ಅಂತ ಹೋಲಿಸುತ್ತಿದ್ದೆ. ಎಲ್ಲ ಚೆನ್ನಾಗಿ ನಡೆದರೆ ಯಾವ ದೇಶವಾದರೂ ಒಳ್ಳೇದೇ. ವ್ಯತ್ಯಾಸ ಕಾಣೋದು ಕೆಟ್ಟರೆ ಏನು ಅಂತ ನೋಡಿದಾಗ.

ಅವತ್ತೇ ರಾತ್ರಿ ಕೂತು ಕಂತಿನ ಲೆಕ್ಕ ಹಾಕಿದೆ. ಅಮೆರಿಕಕ್ಕೆ 45 ಲಕ್ಷ ಸಾಲ, 11.5 ಪರ್ಸೆಂಟ್ ಬಡ್ಡಿ, 10 ವರ್ಷ. ತಿಂಗಳಿಗೆ 63 ಸಾವಿರ ದಾಟುತ್ತದೆ. ಖರ್ಚು ಕಡಿಮೆ ಇರುವ ದೇಶಕ್ಕಾದರೆ 15 ಲಕ್ಷ, 10.5 ಪರ್ಸೆಂಟ್, ಅದೇ 10 ವರ್ಷ. ತಿಂಗಳಿಗೆ 20 ಸಾವಿರ ಚಿಲ್ಲರೆ. ಓದುವಾಗ ಬೆಳೆಯುವ ಬಡ್ಡಿ ಇದಕ್ಕೆ ಸೇರಿಲ್ಲ. ಮಾಸ್ಟರ್ಸ್ ಮುಗಿಸಿ ವಾಪಸ್ ಬಂದು ಬೆಂಗಳೂರಿನಲ್ಲೋ ಪುಣೆಯಲ್ಲೋ 50-60 ಸಾವಿರಕ್ಕೆ ಸೇರಿದರೆ ಎರಡನೆಯ ಸಾಲವನ್ನು ಕಷ್ಟಪಟ್ಟು ತೀರಿಸಬಹುದು. ಮೊದಲನೆಯದನ್ನು ತೀರಿಸೋಕೆ ತೋಟ ಮಾರಬೇಕು. ನನ್ನ ಪಟ್ಟಿಯಿಂದ ಅಮೆರಿಕ ಹೋಗಿದ್ದು ಆ ಲೆಕ್ಕದಿಂದ. ಸ್ಕಾಲರ್‌ಶಿಪ್ ಇದ್ದಿದ್ದರೆ, ಯೂನಿವರ್ಸಿಟಿಯಲ್ಲೇ ಕೆಲಸ ಮಾಡುತ್ತಾ ಓದುವ ಅಸಿಸ್ಟೆಂಟ್‌ಶಿಪ್ ಸಿಕ್ಕಿದ್ದರೆ, ಮಾತೇ ಬೇರೆ.

ಕೆನಡಾ ಬಗ್ಗೆ ಒಬ್ಬರು ಸೀನಿಯರ್ ಜೊತೆ ಮಾತಾಡಿದೆ. ಒಂಟಾರಿಯೊದಲ್ಲಿ ಓದು ಮುಗಿಸಿ ಅಲ್ಲೇ ಕೆಲಸದಲ್ಲಿದ್ದವರು. ಅವರು ಹೋದಾಗ ಖಾತೆಯಲ್ಲಿ 10 ಸಾವಿರ ಕೆನಡಾ ಡಾಲರ್ ತೋರಿಸಿದರೆ ಸಾಕಿತ್ತು. 2024ರ ಜನವರಿಯಿಂದ ಅದು 20,635 ಆಯಿತು. ಅದೇ ತಿಂಗಳು ಸ್ಟಡಿ ಪರ್ಮಿಟ್‌ಗಳಿಗೆ ಮಿತಿ ಹಾಕಿದರು. ನಾನು ಇನ್ನೂ ಯೋಚನೆಯಲ್ಲಿರುವಾಗಲೇ, ನವೆಂಬರ್ 8ಕ್ಕೆ, ಬೇಗ ವೀಸಾ ಕೊಡುತ್ತಿದ್ದ ಎಸ್‌ಡಿಎಸ್ ವ್ಯವಸ್ಥೆಯನ್ನೇ ನಿಲ್ಲಿಸಿದರು. ಅಲ್ಲಿಯ ಜನಕ್ಕೂ ಮನೆ ಬಾಡಿಗೆ, ಆಸ್ಪತ್ರೆಯ ಸಮಸ್ಯೆ ಇತ್ತು, ಅವರ ಸರ್ಕಾರ ಅವರ ಜನರ ಮಾತು ಕೇಳಿದೆ, ಅದರಲ್ಲಿ ತಪ್ಪಿಲ್ಲ. ಆದರೆ ನಿಯಮಗಳು ಆ ವೇಗದಲ್ಲಿ ಬದಲಾಗುವಾಗ ಮನೆ ಅಡವಿಟ್ಟು ಹೋಗುವ ಧೈರ್ಯ ನನಗೆ ಬರಲಿಲ್ಲ. ಸೀನಿಯರ್ ಕೂಡ "ಎರಡು ವರ್ಷ ತಡೆದು ನೋಡು" ಅಂದರು. ಆಸ್ಟ್ರೇಲಿಯಾ ಅಂತೂ ವೀಸಾ ಫೀಸನ್ನೇ 2024ರ ಜುಲೈನಲ್ಲಿ 710 ಡಾಲರಿನಿಂದ 1,600ಕ್ಕೆ ಏರಿಸಿತ್ತು. ಅದನ್ನು ಹೆಚ್ಚು ಹೊತ್ತು ನೋಡಲಿಲ್ಲ.

ಬ್ರಿಟನ್ ಮತ್ತು ಐರ್ಲೆಂಡ್ ಕೊನೆಯವರೆಗೂ ಪಟ್ಟಿಯಲ್ಲಿದ್ದವು. ಒಂದು ವರ್ಷದ ಕೋರ್ಸ್ ಅನ್ನೋದು ದೊಡ್ಡ ಅನುಕೂಲ. ಒಂದು ವರ್ಷದ ಸಂಬಳ ಕಡಿಮೆ ಕಳೆದುಕೊಳ್ಳುತ್ತೀರಿ. ಮಾಸ್ಟರ್ಸ್ ಮುಗಿದ ಮೇಲೆ ಎರಡೂ ಕಡೆ ಎರಡು ವರ್ಷ ಉಳಿದು ಕೆಲಸ ಹುಡುಕಲು ಅವಕಾಶ ಇತ್ತು. ನನ್ನ ವಿಷಯದಲ್ಲಿ ತೊಂದರೆ ಇದ್ದದ್ದು ಎರಡು ಕಡೆ. ಒಂದು, ಒಟ್ಟು ಖರ್ಚು 28-30 ಲಕ್ಷ. ಎರಡು, ನನಗೆ ಬೇಕಾದದ್ದು ಫ್ಯಾಕ್ಟರಿ. ಡಬ್ಲಿನ್‌ನಲ್ಲಿ ಸಾಫ್ಟ್‌ವೇರ್ ಇದೆ, ಔಷಧ ಕಂಪನಿಗಳಿವೆ. ಮಷಿನ್ ಟೂಲ್, ಗೇರ್, ಬೇರಿಂಗ್ ಅಂತ ಹುಡುಕಿದರೆ ನಕ್ಷೆಯಲ್ಲಿ ಬೆರಳು ಹೋಗಿ ನಿಲ್ಲೋದು ಜರ್ಮನಿಯ ಮೇಲೆ. ಪೀಣ್ಯದ ನಮ್ಮ ಶಾಪ್‌ಫ್ಲೋರಿನಲ್ಲಿ ಬಿಡಿಭಾಗಗಳ ಅಳತೆಗೆ ಇಟ್ಟಿದ್ದ ಸಿಎಂಎಂ ಯಂತ್ರ ಕೂಡ ಜರ್ಮನಿಯದ್ದೇ ಆಗಿತ್ತು.

ಜರ್ಮನಿಯಲ್ಲಿ ಓದು ಪುಕ್ಕಟೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ಹೆಚ್ಚಿನ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಟ್ಯೂಷನ್ ಫೀಸ್ ಇಲ್ಲ. ಸೆಮಿಸ್ಟರಿಗೆ 300-350 ಯೂರೊ ಸುತ್ತಮುತ್ತ ಒಂದು ಶುಲ್ಕ ಕಟ್ಟಬೇಕು. ಅನೇಕ ಕಡೆ ಬಸ್ಸು ರೈಲಿನ ಪಾಸ್ ಅದರಲ್ಲೇ ಬರುತ್ತದೆ. ಆದರೆ ಸ್ಟಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೊ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ 2024ರ ಚಳಿಗಾಲದ ಸೆಮಿಸ್ಟರಿನಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೊ ಮಾಡಿತು. ಖಾಸಗಿ ವಿಶ್ವವಿದ್ಯಾಲಯಗಳೂ ಇವೆ. ಅವು ಪೂರ್ತಿ ಫೀಸು ತೆಗೆದುಕೊಳ್ಳುತ್ತವೆ. ಜರ್ಮನಿ ಅಂತ ಹೇಳಿ ಏಜೆಂಟರು ಸೇರಿಸೋದು ಹೆಚ್ಚಾಗಿ ಅಲ್ಲಿಗೆ. ಹೆಸರು ನೋಡಿ ಮೋಸ ಹೋಗಬೇಡಿ, ಸರ್ಕಾರಿಯೋ ಖಾಸಗಿಯೋ ಅಂತ ಮೊದಲು ನೋಡಿಕೊಳ್ಳಿ.

ಫೀಸಿನ ಬದಲು ಅಲ್ಲಿ ಕೇಳೋದು ಬ್ಲಾಕ್ಡ್ ಅಕೌಂಟ್. ಒಂದು ವರ್ಷದ ಖರ್ಚಿಗೆ 11,904 ಯೂರೊವನ್ನು ಮುಂಚೆಯೇ ಅಲ್ಲಿಯ ಖಾತೆಗೆ ಹಾಕಬೇಕು. ನಾವು ಹೋದ ಮೇಲೆ ತಿಂಗಳಿಗೆ 992 ಯೂರೊ ನಮಗೇ ಬಿಡುಗಡೆಯಾಗುತ್ತದೆ. ನಾನು ಕಳಿಸಿದಾಗ ಅದು ಹತ್ತಿರ ಹತ್ತಿರ 12 ಲಕ್ಷ ರೂಪಾಯಿ. ದೊಡ್ಡ ಮೊತ್ತವೇ. ಆದರೆ ಅದು ಯಾರಿಗೋ ಕೊಟ್ಟ ಫೀಸಲ್ಲ, ನಮ್ಮ ಊಟ ಬಾಡಿಗೆಯ ದುಡ್ಡು. ಅಪ್ಪಾಜಿಗೆ ಜರ್ಮನಿ ಒಪ್ಪಿಗೆಯಾಗಿದ್ದು ಈ ಒಂದು ಕಾರಣಕ್ಕೆ.

ಸಾಲದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಯಾಕಂದ್ರೆ ಹಳ್ಳಿಯವರಿಗೆ ದೇಶ ಆರಿಸೋದು ಎಷ್ಟೋ ಸಲ ಬ್ಯಾಂಕೇ. ಸರ್ಕಾರಿ ಬ್ಯಾಂಕಿನಲ್ಲಿ ಏಳೂವರೆ ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳೋದಿಲ್ಲ. ಅದಕ್ಕಿಂತ ಜಾಸ್ತಿ ಬೇಕಾದರೆ ಕೇಳುತ್ತಾರೆ. ನಾವು ತೋಟದ ಪಹಣಿ ಹಿಡಿದುಕೊಂಡು ಹೋದೆವು. ಮ್ಯಾನೇಜರ್ ನೋಡಿ "ಕೃಷಿ ಜಮೀನು ಎಜುಕೇಷನ್ ಲೋನಿಗೆ ಆಗಲ್ಲ, ಮನೆ ಇದ್ದರೆ ತನ್ನಿ" ಅಂದರು. ಮನೆ ಇದೆ, ಆದರೆ ಅಜ್ಜನ ಹೆಸರಲ್ಲಿ. ಅಜ್ಜ ತೀರಿಕೊಂಡು ಎಷ್ಟೋ ವರ್ಷ ಆಗಿದೆ. ಶುರುವಾಯಿತು ಓಡಾಟ. ವಂಶವೃಕ್ಷ ಮಾಡಿಸಿದ್ದು, ಋಣಭಾರ ಪತ್ರ (ಇಸಿ) ತೆಗೆಸಿದ್ದು, ಪಂಚಾಯಿತಿಯಲ್ಲಿ ಮನೆ ಕಂದಾಯ ಬಾಕಿ ಕಟ್ಟಿದ್ದು, ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ಪಡೆಯೋಕೆ ಅಳತೆ ಮಾಡಿಸಿದ್ದು. ಅಳತೆಯಲ್ಲಿ ಹಿತ್ತಲಿನ ಕೊಟ್ಟಿಗೆ ಹಳೇ ದಾಖಲೆಯಲ್ಲಿ ಇಲ್ಲ ಅಂತ ಮತ್ತೊಂದು ಸುತ್ತು.

ಅಪ್ಪಾಜಿಯ ಇಬ್ಬರು ತಂಗಿಯರಿಗೂ ಆ ಮನೆಯಲ್ಲಿ ಹಕ್ಕಿದೆ. ಅವರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಕೇಳೋಕೆ ಅಪ್ಪಾಜಿಗೆ ಮುಜುಗರ. ನಾನೇ ಇಬ್ಬರು ಅತ್ತೆಯರಿಗೂ ಫೋನ್ ಮಾಡಿ ಪೂರ್ತಿ ಲೆಕ್ಕ ಹೇಳಿದೆ, ಕೆಟ್ಟರೆ ಏನಾಗುತ್ತೆ ಅನ್ನೋದನ್ನೂ ಸೇರಿಸಿ. ಚಿಕ್ಕತ್ತೆ ಹೊಳಲ್ಕೆರೆಯಿಂದ ಬಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಸ್ಕ್ಯಾನರಿನ ಮೇಲಿಟ್ಟರು. ಅಡಿಕೆ ಸುಲಿದು ಸುಲಿದು ರೇಖೆ ಸವೆದಿತ್ತು, ಮಷಿನ್ ಹಿಡಿಯಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಮತ್ತೆ ಇಟ್ಟರು. ಕೊನೆಗೆ ತೆಗೆದುಕೊಂಡಿತು. ಹೊರಗೆ ಬಂದು "ನಿನ್ ಓದಿಗೆ ಅಲ್ವೇನೆ, ಬೇರೆ ಯಾರಿಗೋ ಕೊಟ್ಟಿದ್ದಲ್ಲವಲ್ಲ" ಅಂದರು. ಆ ಸಹಿ ಇಲ್ಲದಿದ್ದರೆ ನಾನು ಇಲ್ಲಿ ಇರುತ್ತಿರಲಿಲ್ಲ. ಇದನ್ನು ಎಲ್ಲ ಕಡೆ ಹೇಳುತ್ತೇನೆ, ಇಲ್ಲೂ ಹೇಳುತ್ತಿದ್ದೇನೆ.

ಬ್ಯಾಂಕಿನ ಪ್ಯಾನೆಲ್ ವಕೀಲರು ಕಾಗದ ನೋಡಿ ಸರಿ ಅಂದರು, ವ್ಯಾಲ್ಯುಯರ್ ಬಂದು ಮನೆಗೆ ಬೆಲೆ ಕಟ್ಟಿದರು. ಕೊನೆಗೆ ಮಂಜೂರಾಗಿದ್ದು 15 ಲಕ್ಷ. ಸಾಲ ಕೊಡುವ ಖಾಸಗಿ ಕಂಪನಿಗಳು ಅಡಮಾನ ಇಲ್ಲದೆ ಅದಕ್ಕಿಂತ ಹೆಚ್ಚು ಕೊಡೋಕೆ ಸಿದ್ಧ ಇದ್ದವು, ವಾರದೊಳಗೆ. ಬಡ್ಡಿ ಜಾಸ್ತಿ, ಓದುವಾಗಲೇ ತಿಂಗಳ ಬಡ್ಡಿ ಕಟ್ಟಬೇಕು. ನಿಮ್ಮ ಊರಿನ ಆಸ್ತಿ ಯಾರ ಹೆಸರಲ್ಲಿದೆ ಅಂತ ಇವತ್ತೇ ನೋಡಿಕೊಳ್ಳಿ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಗೆ ಮುಂಚೆ ಮಾಡಬೇಕಾದ ಕೆಲಸ ಇದು.

ಈ ಕಡೆ ಕಾಲೇಜಿನ ಕಾಗದಗಳು. 2022ರ ನವೆಂಬರ್‌ನಿಂದ ಭಾರತದವರು ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಎಪಿಎಸ್ ಪ್ರಮಾಣಪತ್ರ ತರಬೇಕು. ನಮ್ಮ ಅಂಕಪಟ್ಟಿಗಳು ಅಸಲಿ ಅಂತ ಅವರು ಪರಿಶೀಲಿಸಿ ಕೊಡುವ ಪತ್ರ ಅದು. ಶುಲ್ಕ 18 ಸಾವಿರ ರೂಪಾಯಿ. ವಿಟಿಯುದಿಂದ ಟ್ರಾನ್ಸ್‌ಕ್ರಿಪ್ಟ್ ತರಿಸಿ, ಎಲ್ಲ ಸೆಮಿಸ್ಟರ್ ಕಾರ್ಡುಗಳನ್ನು ಸೇರಿಸಿ ಅರ್ಜಿ ಹಾಕಿದೆ. ಇದನ್ನು ಬೇಗ ಮುಗಿಸಿಕೊಂಡರೆ ಮುಂದಿನದೆಲ್ಲ ಸಲೀಸು.

ಅಂಕಗಳನ್ನು ಜರ್ಮನಿಯವರು ತಮ್ಮ ಪದ್ಧತಿಗೆ ಬದಲಿಸಿಕೊಳ್ಳುವ ರೀತಿಯನ್ನೂ ತಿಳಿದುಕೊಳ್ಳಬೇಕು. ಅಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸ್. ಗರಿಷ್ಠ ಅಂಕದಿಂದ ನಮ್ಮ ಅಂಕ ಕಳೆಯಬೇಕು. ಅದನ್ನು ಗರಿಷ್ಠದಿಂದ ಕನಿಷ್ಠ ಪಾಸ್ ಅಂಕ ಕಳೆದು ಬಂದಿದ್ದರಿಂದ ಭಾಗಿಸಬೇಕು. ಆಮೇಲೆ ಮೂರರಿಂದ ಗುಣಿಸಿ ಒಂದು ಕೂಡಬೇಕು. ನನ್ನ ಸಿಜಿಪಿಎ 10ಕ್ಕೆ 7.8. ಕನಿಷ್ಠ ಪಾಸ್ 4 ಅಂತ ಹಿಡಿದರೆ ನನಗೆ 2.1 ಬರುತ್ತದೆ, 5 ಅಂತ ಹಿಡಿದರೆ 2.3. ಎಷ್ಟೋ ಕೋರ್ಸುಗಳು 2.5ರ ಮೇಲೆ ಹೋದರೆ ಅರ್ಜಿಯನ್ನೇ ನೋಡೋದಿಲ್ಲ. ಹಾಗಾಗಿ ನಮ್ಮ ವಿಶ್ವವಿದ್ಯಾಲಯದ ಕನಿಷ್ಠ ಪಾಸ್ ಎಷ್ಟು ಅಂತ ಟ್ರಾನ್ಸ್‌ಕ್ರಿಪ್ಟಿನಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳೋದು ಒಳ್ಳೆಯದು. ಸಣ್ಣ ವಿಷಯ ಅನ್ನಿಸುತ್ತೆ, ಆದರೆ ಬಾಗಿಲು ತೆರೆಯೋದು ಮುಚ್ಚೋದು ಅಲ್ಲೇ.

ಜರ್ಮನಿ ಅಂತ ಹೆಚ್ಚುಕಡಿಮೆ ನಿಶ್ಚಯ ಮಾಡಿದ ಮೇಲೂ ಒಂದು ಭಯ ಬಿಡಲಿಲ್ಲ. 2024ರ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ 2030ರೊಳಗೆ ಜರ್ಮನಿಯಲ್ಲಿ 35 ಸಾವಿರ ಕೆಲಸ ಕಡಿಮೆ ಮಾಡುವ ಒಪ್ಪಂದ ಮಾಡಿಕೊಂಡಿತು. ಅದಕ್ಕೂ ಮುಂಚೆ ಬಿಡಿಭಾಗ ತಯಾರಿಸುವ ಝಡ್‌ಎಫ್ 2028ರೊಳಗೆ 14 ಸಾವಿರದವರೆಗೆ ಕೆಲಸ ಕಡಿತ ಅಂತ ಹೇಳಿತ್ತು. ಮೆಕ್ಯಾನಿಕಲ್‌ನವರಿಗೆ ಇದು ಸಣ್ಣ ಸುದ್ದಿಯಲ್ಲ. ನನ್ನ ಜೊತೆ ತಯಾರಿ ಮಾಡುತ್ತಿದ್ದ ಕೆಲವರು ಅಲ್ಲಿಗೇ ಬಿಟ್ಟುಬಿಟ್ಟರು. ನಾನು ಬಿಡಲಿಲ್ಲ, ಆದರೆ ಕೋರ್ಸು ಬದಲಿಸಿದೆ. ಆಟೊಮೋಟಿವ್ ಅಂತ ಹೆಸರಿದ್ದ ಕೋರ್ಸುಗಳನ್ನು ಕೈಬಿಟ್ಟು, ಪ್ರೊಡಕ್ಷನ್ ಮತ್ತು ಲಾಜಿಸ್ಟಿಕ್ಸ್ ಕಡೆಯ ಮೆಕ್ಯಾನಿಕಲ್ ಕೋರ್ಸುಗಳಿಗೆ ಅರ್ಜಿ ಹಾಕಿದೆ. ಕಾರು ಕಂಪನಿಯೊಂದನ್ನೇ ನಂಬಿಕೊಂಡು ಇರಬೇಕಾಗಿಲ್ಲ, ಉಕ್ಕು, ಬಂದರು, ರೈಲು, ಗೋದಾಮು ಎಲ್ಲ ಕಡೆ ನಡೆಯುವ ವಿಷಯ ಅದು. ದೇಶದ ಜೊತೆಗೆ ಊರನ್ನೂ ನೋಡಬೇಕು ಅನ್ನೋದು ಆಗ ಹೊಳೆಯಿತು. ರೂರ್ ಪ್ರದೇಶದಲ್ಲಿ ಡ್ಯೂಸ್‌ಬರ್ಗ್, ಎಸ್ಸೆನ್, ಬೋಹುಂ, ಡಾರ್ಟ್‌ಮಂಡ್ ಒಂದಕ್ಕೊಂದು ಅಂಟಿಕೊಂಡಿವೆ. ರೈನ್ ನದಿಯ ದಡದ ಡ್ಯೂಸ್‌ಬರ್ಗ್‌ನ ಒಳನಾಡ ಬಂದರು ಬಹಳ ದೊಡ್ಡದು, ಉಕ್ಕಿನ ಕಾರ್ಖಾನೆಗಳೂ ಅಲ್ಲೇ. ಬಾಡಿಗೆ ಮ್ಯೂನಿಕ್‌ಗಿಂತ ಎಷ್ಟೋ ಕಡಿಮೆ. ಒಂದೇ ಸೆಮಿಸ್ಟರ್ ಪಾಸಿನಲ್ಲಿ ನಾಲ್ಕೂ ಊರಿಗೆ ಹೋಗಿ ಕೆಲಸ ಹುಡುಕಬಹುದು.

ಭಾಷೆ ವಿಷಯದಲ್ಲಿ ಕನ್ಸಲ್ಟೆನ್ಸಿಯವರು ಹೇಳಿದ ಮಾತು ಪೂರ್ತಿ ಸುಳ್ಳಲ್ಲ. ಇಂಗ್ಲಿಷ್‌ನಲ್ಲಿ ಪಾಠ ಮಾಡುವ ಮಾಸ್ಟರ್ಸ್ ಬೇಕಾದಷ್ಟಿವೆ. ಆದರೆ ಶಾಪ್‌ಫ್ಲೋರಿನಲ್ಲಿ ಕೆಲಸ ಬೇಕಾದರೆ ಜರ್ಮನ್ ಬರಲೇಬೇಕು, ಎ1ರಿಂದ ಸಿ2ವರೆಗಿನ ಭಾಷಾ ಹಂತಗಳಲ್ಲಿ ಬಿ1 ಸಾಲದು, ಬಿ2 ಬೇಕು. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಲೇ ವಾರಾಂತ್ಯದ ತರಗತಿಯಲ್ಲಿ ಎ2ವರೆಗೆ ಕಲಿತೆ. ಭಾಷೆ ಕಲಿಯೋಕೆ ಮನಸ್ಸಿಲ್ಲದವರು ಈ ದೇಶಕ್ಕೆ ಬರಬೇಡಿ ಅಂತ ನಾನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಫೀಸು ಉಳಿದದ್ದು ಒಂದು ಕಡೆ, ಕೆಲಸ ಸಿಗದೆ ಕೂತದ್ದು ಇನ್ನೊಂದು ಕಡೆ ಆಗುತ್ತದೆ.

2025ರ ಮೇ ಕೊನೆಯಲ್ಲಿ ಅಮೆರಿಕ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳಿಗೆ ದಿನಾಂಕ ಕೊಡೋದನ್ನೇ ಕೆಲವು ವಾರ ನಿಲ್ಲಿಸಿತು. ನನ್ನ ಜೊತೆ ಪೀಣ್ಯದಲ್ಲಿದ್ದ ಗೆಳತಿ ಅಡ್ಮಿಷನ್ ಆಗಿ, ಸಾಲವೂ ಮಂಜೂರಾಗಿ, ದಿನಾಂಕ ಸಿಗದೆ ಒದ್ದಾಡಿದಳು. ಅವಳು ಆಮೇಲೆ ಹೋದಳು, ಚೆನ್ನಾಗಿದ್ದಾಳೆ. ಆದರೆ ಆ ವಾರಗಳಲ್ಲಿ ಅವಳ ಮನೆಯವರು ಪಟ್ಟ ಸಂಕಟ ನೋಡಿದ್ದೇನೆ.

ನನಗೆ ಜೂನ್‌ನಲ್ಲಿ ಪ್ರವೇಶ ಪತ್ರ ಬಂತು. ಬ್ಯಾಂಕಿನಿಂದ ಬ್ಲಾಕ್ಡ್ ಅಕೌಂಟಿಗೆ ಹಣ ಹೋಯಿತು. ಹೊರದೇಶಕ್ಕೆ ಹಣ ಕಳಿಸುವಾಗ ಬ್ಯಾಂಕ್ ಮುಂಗಡವಾಗಿ ಹಿಡಿಯುವ ತೆರಿಗೆ (ಟಿಸಿಎಸ್) 2025ರ ಏಪ್ರಿಲ್‌ನಿಂದ ಸಾಲದ ಹಣಕ್ಕೆ ಇಲ್ಲದ್ದರಿಂದ ಆ ಒಂದು ಹೊರೆ ತಪ್ಪಿತು. ಬೆಂಗಳೂರಿನಲ್ಲೇ ವೀಸಾ ಅರ್ಜಿ ಕೊಟ್ಟೆ, ಸೆಪ್ಟೆಂಬರ್‌ನಲ್ಲಿ ಪಾಸ್‌ಪೋರ್ಟ್ ಕೈಗೆ ಬಂತು.

ಬಂದ ಮೇಲಿನ ಲೆಕ್ಕ ಹೀಗಿದೆ. ಹಾಸ್ಟೆಲ್ ಬಾಡಿಗೆ 350 ಯೂರೊ ಸುಮಾರು, ಆರೋಗ್ಯ ವಿಮೆ 145ರ ಹತ್ತಿರ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. 992ರಲ್ಲಿ ಸ್ವಲ್ಪ ಉಳಿಯುತ್ತದೆ. ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ ಕೆಲಸ ಮಾಡಲು ಅನುಮತಿ ಇದೆ. ನಾನು ಮೊದಲ ಸೆಮಿಸ್ಟರಿನಲ್ಲಿ ಕೆಲಸ ಹುಡುಕಲಿಲ್ಲ. ಇಲ್ಲಿ ಪರೀಕ್ಷೆ ಕಠಿಣ. ಒಂದು ವಿಷಯದಲ್ಲಿ ಸಾಮಾನ್ಯವಾಗಿ ಮೂರು ಸಲ ಮಾತ್ರ ಅವಕಾಶ, ಮೂರನೇ ಸಲವೂ ಹೋದರೆ ಕೋರ್ಸಿನಿಂದಲೇ ಹೊರಗೆ. ಎರಡು ವರ್ಷದ ಕೋರ್ಸನ್ನು ಎರಡೂವರೆ ಮೂರು ವರ್ಷಕ್ಕೆ ಮುಗಿಸುವವರು ಬಹಳ ಜನ. ಹಾಗಾಗಿ ಸಾಲದ ಲೆಕ್ಕವನ್ನು ಎರಡು ವರ್ಷಕ್ಕೆ ನಿಲ್ಲಿಸದೆ ಇನ್ನೂ ಆರು ತಿಂಗಳು ಸೇರಿಸಿ ಹಾಕಿ. ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ.

ಚಿಕ್ಕಪ್ಪನ ಮಗಳು ಈಗ ಇದೇ ಹುಡುಕಾಟದಲ್ಲಿದ್ದಾಳೆ. ಅವಳ ವಿಷಯ ಡೇಟಾ ಅನಾಲಿಟಿಕ್ಸ್. ಮೂರು ವರ್ಷದ ಸಂಬಳದಲ್ಲಿ ಒಳ್ಳೇ ಮೊತ್ತ ಉಳಿಸಿದ್ದಾಳೆ, ಸಾಲ ಹತ್ತು ಲಕ್ಷ ಸಾಕು. ಇನ್ನೊಂದು ಭಾಷೆ ಕಲಿಯೋಕೆ ಇಷ್ಟ ಇಲ್ಲ ಅಂತ ಮೊದಲೇ ಹೇಳಿದಳು. ಅವಳಿಗೆ ನಾನು ಜರ್ಮನಿ ಹೇಳಲಿಲ್ಲ. ವಾಪಸ್ ಬಂದರೆ ಕಂತು ಎಷ್ಟು ಬೀಳುತ್ತೆ ಅಂತ ಇಬ್ಬರೂ ವಿಡಿಯೊ ಕಾಲ್‌ನಲ್ಲಿ ಕೂತು ಲೆಕ್ಕ ಹಾಕಿದೆವು. ಸದ್ಯಕ್ಕೆ ಅವಳ ಪಟ್ಟಿಯಲ್ಲಿ ಐರ್ಲೆಂಡ್ ಮೊದಲಿದೆ. ಡಬ್ಲಿನ್‌ನ ಬಾಡಿಗೆಯೇ ತಲೆನೋವು, ಕಾರ್ಕ್ ಮತ್ತು ಲಿಮರಿಕ್ ಎಷ್ಟಾಗುತ್ತೆ ಅಂತ ನೋಡುತ್ತಿದ್ದೇವೆ.